ಐದನೇ ನಂಬರಿನ ಕಾಲು

ಜೂನ್ 9

ಪ್ರೀತಿಯ ಅಕ್ಕಾ,

ಫೋನಿನಲ್ಲಿ ನಾನು ಎಷ್ಟು ಮಾತಾಡಿದರೂ ನೀನು ಹೇಳುವುದು ‘ಹೂಂ’ ಒಂದೇ. ಹೂಂ ಎಂದಷ್ಟೇ ಬರೆದು ಪೋಸ್ಟ್ ಮಾಡಲು ನಿನಗೂ ನಾಚಿಕೆಯಾದೀತು ಎಂದು ಈ ಕಾಗದ. ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡ. ನನ್ನನ್ನು ಇಂಗ್ಲಿಷ್ ಶಾಲೆಗೇ ಸೇರಿಸಬೇಕೆಂದು ಅಪ್ಪನ ಹತ್ತಿರ ಹಟ ಹಿಡಿದವಳು ನೀನೇ.

ಅಕ್ಕಾ, ಮದುವೆಯಾದಾಗಿನಿಂದ ನಾನು ನೆಲಕ್ಕೇ ಇಳಿದಿಲ್ಲ! ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಇಳಿದಿಲ್ಲ, ಇವರು ಬಿಡುವುದಿಲ್ಲ. (ಹೌದು, ಗಂಡನನ್ನು ‘ಇವರು’ ಅನ್ನುತ್ತೇನೆ, ‘ರೀ’ ಅಂತ ಕರೆಯುತ್ತೇನೆ. ನಾನು! ನಗು, ನಗು.) ಮಂಚದ ಪಕ್ಕ ಮೆತ್ತನೆಯ ಹಾಸು, ಅದರ ಮೇಲೆ ಉಣ್ಣೆಯ ಚಪ್ಪಲಿ. ಬರಿಗಾಲಲ್ಲಿ ಅಡುಗೆಮನೆಗೆ ಹೊರಟರೆ ಹಿಂದಿನಿಂದ ‘ಕಾಲು, ಕಾಲು!’ ಅಂತ ಕೂಗು. ಬೆಳಿಗ್ಗೆ ಬಿಸಿನೀರಿನ ಟಬ್ಬು ತಂದು, ನನ್ನ ಕಾಲು ಅದ್ದಿಸಿ, ಬೆರಳು ಬೆರಳಿನ ಸಂದಿಯನ್ನೂ ಒರೆಸಿ, ಕ್ರೀಮ್ ಹಚ್ಚಿ, ಕೊನೆಗೆ ಅಂಗಾಲಿನ ನಡುವಿಗೆ ಒಂದು ಮುತ್ತು. ಕಚಗುಳಿಯಾಗಿ ನಾನು ಕಿರುಚಿಕೊಂಡರೆ ಪಕ್ಕದ ಕೋಣೆಯಿಂದ ಅತ್ತೆ ಕೆಮ್ಮುತ್ತಾರೆ. ಇಂಥ ಗಂಡ ಯಾರಿಗಿದ್ದಾನೆ ಹೇಳು!

ಮನೆ ಮಹಡಿಯ ಮೇಲೆ, ವರ್ಕ್‌ಶಾಪು ಕೆಳಗೆ, ಮುಂದುಗಡೆ ಅಂಗಡಿ. ಮೆಟ್ಟಿಲಿಳಿಯುವಾಗಲೇ ಅಂಟಿನ ಮತ್ತು ಹೊಸ ಚರ್ಮದ ವಾಸನೆ. ಇವರ ಕುತ್ತಿಗೆಗೂ ಅದೇ ವಾಸನೆ, ಅದಕ್ಕೇ ನನಗದು ಸೆಂಟಿಗಿಂತ ಇಷ್ಟ. ಒಂದು ಗೋಡೆಯ ತುಂಬ ಮರದ ಕಾಲುಗಳು ಮೊಳೆಗೆ ನೇತಾಡುತ್ತಿವೆ. ಹೆದರಬೇಡ, ಅವು ಷೂ ಹೊಲಿಯಲು ಬೇಕಾದ ಅಚ್ಚುಗಳು. ಇಲ್ಲಿ ಹೆಂಗಸರ ಷೂ ಮಾತ್ರ ಮಾಡುತ್ತಾರೆ. ಪ್ರತಿ ಹೊಸ ಡಿಸೈನನ್ನೂ ಮೊದಲು ಐದನೇ ನಂಬರಿನಲ್ಲಿ ಒಂದೇ ಜೋಡಿ ಹೊಲಿದು, ಜೀವಂತ ಕಾಲಿಗೆ ಹಾಕಿ ನಡೆಸಿ ನೋಡುತ್ತಾರೆ. ಅದು ಸರಿಯಾಗಿ ಕೂತರೆ ಉಳಿದ ನಂಬರುಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಆ ಜೀವಂತ ಕಾಲು ಈಗ ನಿನ್ನ ತಂಗಿಯದು! ಕೆಲಸದವರು ನನ್ನನ್ನು ‘ಸ್ಯಾಂಪಲ್ ಮೇಡಂ’ ಅನ್ನುತ್ತಾರೆ.

ಎಲ್ಲ ಶುರುವಾದದ್ದೂ ಕಾಲಿನಿಂದಲೇ ಅಲ್ಲವೇ! ಓಡುವ ಷೂ ರಿಪೇರಿಗೆ ಕೊಡಲು ಹೋಗಿ, ಮಾರಾಟಕ್ಕಿಲ್ಲ ಎಂದು ಬರೆದಿಟ್ಟಿದ್ದ ಜೋಡಿಯನ್ನೇ ನಾನು ಕಾಲಿಗೇರಿಸಿದ್ದು, ಒಳಗಿಂದ ಬಂದ ಇವರು ಬಾಗಿಲಲ್ಲೇ ನಿಂತುಬಿಟ್ಟದ್ದು, ‘ಸ್ವಲ್ಪ ನಡೆದು ತೋರಿಸ್ತೀರಾ?’ ಎಂದದ್ದು. ಅಕ್ಕಾ, ಆ ಕಣ್ಣು! ಈಗ ಬರೆಯುವಾಗಲೂ ಮೈ ಜುಂ ಅನ್ನುತ್ತಿದೆ.

ನೆಲ ಮುಟ್ಟದ ನಿನ್ನ
ಚಿನಕುರಳಿ


ಜೂನ್ 21

ಚಿನಕುರಳಿ,

ಹೂಂ.

ಇಷ್ಟೇ ಬರೆದು ಪೋಸ್ಟ್ ಮಾಡುವ ಆಸೆ ಬಹಳ ಇತ್ತು.

ನೀನು ಖುಷಿಯಾಗಿರುವುದು ನನಗೂ ಖುಷಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀನು ಮುಖ ಊದಿಸಿಕೊಳ್ಳುತ್ತೀಯ. ಅಂಗಡಿಯ ಕಥೆಯನ್ನು ನೀನು ನನಗೆ ಎಷ್ಟೋ ಸಲ ಹೇಳಿದ್ದೀಯ. ಷೂ ಬರುತ್ತದೆ, ಬಾಗಿಲು ಬರುತ್ತದೆ, ಕಣ್ಣು ಬರುತ್ತದೆ. ಆತ ನಿನ್ನ ಹೆಸರು ಕೇಳಿದ ಭಾಗ ಯಾವ ಸಲವೂ ಬಂದಿಲ್ಲ. ಯಾವಾಗ ಕೇಳಿದ?

ಈ ಟರ್ಮಿನಲ್ಲಿ ನನ್ನ ಫಿಲಾಸಫಿ ಕ್ಲಾಸಿನಲ್ಲಿ ನಡೆಯುತ್ತಿರುವ ಪಾಠವೂ ಇದೇ: ಹೆಣ್ಣು ಯಾವಾಗ ವಸ್ತುವಾಗುತ್ತಾಳೆ. ಹೊಡೆದು ಬಡಿದು ಮಾಡಿದರೆ ಎಲ್ಲರಿಗೂ ಕಾಣುತ್ತದೆ, ಕ್ರೀಮ್ ಹಚ್ಚಿ ಮಾಡಿದರೆ ಕಾಣುವುದಿಲ್ಲ. ಪ್ರೀತಿಸುವವರು ಒಬ್ಬರಿಗೊಬ್ಬರು ದೇಹವಾಗುತ್ತಾರೆ. ಆಗಬೇಕು ಕೂಡ, ನಾನೇನು ಸನ್ಯಾಸಿನಿಯಲ್ಲ. ಆದರೆ ಆ ದೇಹದ ಒಳಗಿಂದಲೂ ಯಾರೋ ತಿರುಗಿ ನೋಡುತ್ತಿದ್ದಾರೆ ಎಂಬುದು ನೋಡುವವನಿಗೆ ನೆನಪಿರಬೇಕು. ಇದೆಯೋ ಇಲ್ಲವೋ ತಿಳಿಯಲು ನಾನು ವಿದ್ಯಾರ್ಥಿನಿಯರಿಗೆ ಒಂದು ಪ್ರಶ್ನೆ ಕೊಡುತ್ತೇನೆ, ನಿನಗೂ ಕೊಡುತ್ತೇನೆ. ಆ ದಿನ ಅದೇ ಅಳತೆಯ ಬೇರೊಂದು ಕಾಲು ಅಂಗಡಿಗೆ ಬಂದಿದ್ದರೆ?

ಸಂಶಯಪಡುವುದು ನನ್ನ ಕಸುಬು. ನಾನು ಹೇಳಿದ್ದು ತಪ್ಪಾಗಿದ್ದರೆ ನಕ್ಕುಬಿಡು. ಉತ್ತರ ಮಾತ್ರ ಬೇಗ ಬರೆ.

ಅಕ್ಕ


ಜುಲೈ 8

ಅಕ್ಕಾ,

ನಗು ಬರಲಿಲ್ಲ.

ಇಲ್ಲೊಂದು ಸಾಲು ಬರೆದು ಗೀಚಿಹಾಕಿದ್ದೇನೆ, ನಿನ್ನ ಮುರಿದ ಮದುವೆಯ ವಿಷಯ. ಬೆಳಕಿಗೆ ಹಿಡಿದು ಓದಬೇಡ. ಓದುತ್ತೀಯ ಅಂತ ಗೊತ್ತು.

ನನಗೆ ನೋಡಿಸಿಕೊಳ್ಳುವುದು ಇಷ್ಟ. ತಪ್ಪೇ? ಇವರು ನನ್ನ ಕಾಲನ್ನು ಕೈಗೆತ್ತಿಕೊಂಡಾಗ ನಾನು ಕರಗಿಹೋಗುತ್ತೇನೆ. ಆಗ ನಾನು ಗೊಂಬೆಯಲ್ಲ ಅಕ್ಕಾ, ಮೈಯೆಲ್ಲ ಜೀವ. ನಿನ್ನ ಕ್ಲಾಸಿನಲ್ಲಿ ಬುದ್ಧಿ ನೋಡಿ ಪ್ರೀತಿಸಿದರೆ ಸರಿ, ಕಾಲು ನೋಡಿ ಪ್ರೀತಿಸಿದರೆ ತಪ್ಪೇನು? ಬುದ್ಧಿಯೂ ಒಂದು ತುಂಡೇ ತಾನೆ. ನಾನು ಶಾಲೆಯ ಆಟದ ಟೀಚರು, ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಿ ಬೆಳೆದವಳು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಇರುವುದೇ ಕಾಲಿನಲ್ಲಿ. ಅದನ್ನು ಕಂಡವರು ನನ್ನನ್ನು ಕಂಡ ಹಾಗೆಯೇ.

ನಿನ್ನ ಬಾಯಿ ಮುಚ್ಚಿಸಲೆಂದೇ ಇವರನ್ನು ಕೇಳಿದೆ.

‘ರೀ, ಆ ದಿನ ನಾನು ಹಾಕ್ಕೊಂಡ ಷೂ ನೆನಪಿದ್ಯಾ?’

‘ನೆನಪಿಲ್ದೆ! ಕಂದು ಬಣ್ಣ, ಮುಂದೆ ಚೂಪು, ಎಡಗಾಲಿನ ಹೊಲಿಗೆ ಕೂದಲೆಳೆ ಸೊಟ್ಟ.’

‘ನನ್ನ ಹೆಸರು ಯಾವಾಗ ಕೇಳಿದ್ರಿ?’

‘ಹೆಸರಾ? ರಿಪೇರಿ ಚೀಟೀಲಿ ನೀನೇ ಬರ್ದಿದ್ಯಲ್ಲ. ಕೇಳೋದೇನಿದೆ?’

ನೋಡಿದೆಯಾ! ಚೀಟಿಯಲ್ಲಿ ಇತ್ತು, ಅದಕ್ಕೇ ಕೇಳಲಿಲ್ಲ. ಸರಿಯಾಗಿಯೇ ಇದೆ. ಸರಿಯಾಗಿಯೇ ಇದೆ ಅಲ್ಲವೇ?

ಇನ್ನೊಂದು ಸುದ್ದಿ. ಇವರು ನನ್ನನ್ನು ಶಾಲೆ ಬಿಡು ಅನ್ನುತ್ತಿದ್ದಾರೆ. ‘ಬಿಸಿಲಲ್ಲಿ ಓಡಿ, ನಿಂತು ನಿಂತು, ಕಾಲು ಅಗಲ ಆಗುತ್ತೆ. ರಾಣಿ ಹಾಗೆ ಮನೇಲಿ ಕೂತ್ಕೊ.’ ರಾಜೀನಾಮೆ ಕಾಗದವನ್ನು ತಾವೇ ಟೈಪ್ ಮಾಡಿಸಿಯೂ ತಂದಿದ್ದಾರೆ, ನನ್ನ ಸಹಿ ಒಂದು ಬಾಕಿ. ‘ಅತ್ಯಂತ ಸಂತೋಷದಿಂದ’ ಎಂದು ಬರೆದಿದೆ. ನನ್ನ ಸಂತೋಷ ಇವರಿಗೆ ಹೇಗೆ ಗೊತ್ತಾಯಿತೋ. ಮಗುವಿನ ಮಾತೂ ಬಂತು. ಎರಡು ಸೀಸನ್ ಕಳೆಯಲಿ ಅಂದರು. ನಾನೂ ಹೂಂ ಅಂದೆ. ನಿನ್ನ ಹಾಗೆ.

ರಾಣಿಯಾಗಬೇಕೋ ಬೇಡವೋ ತಿಳಿಯದ
ನಿನ್ನ ತಂಗಿ


ಜುಲೈ 27

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನೀನು ತಲೆಯಲ್ಲಿ ಹುಳ ಬಿಟ್ಟೆ, ಅದು ಕೊರೆಯುತ್ತಿದೆ.

ಹೊಸ ಸೀಸನ್ನಿನ ಮೊದಲ ಸ್ಯಾಂಪಲ್ಲು ಮಂಗಳವಾರ ತಯಾರಾಯಿತು. ನಾನು ಎತ್ತರದ ಸ್ಟೂಲಿನ ಮೇಲೆ, ಇವರು ಕೆಳಗೆ ಮೊಣಕಾಲೂರಿ. ಹೊರಗಿನವರು ನೋಡಿದರೆ ಎಂಥ ಗಂಡ ಸಿಕ್ಕಿದ್ದಾನಪ್ಪ ಎನ್ನಬೇಕು, ಹಾಗೆ. ಷೂ ಹಾಕಿದರು, ಅಲ್ಲಲ್ಲಿ ಒತ್ತಿದರು, ಹಿಮ್ಮಡಿಯ ಹತ್ತಿರ ಬೆರಳು ತೂರಿಸಿ ನೋಡಿದರು.

‘ಚೆನ್ನಾಗಿ ಕೂತಿದೆ,’ ಅಂದರು ಕಟಿಂಗ್ ಮಾಸ್ಟರಿಗೆ.

‘ರೀ, ಕಿರುಬೆರಳ ಹತ್ರ ಒತ್ತುತ್ತೆ.’

‘ಇಲ್ಲ, ಒತ್ತಲ್ಲ.’

‘ಒತ್ತುತ್ತೆ ರೀ.’

‘ಹೊಸ ಲೆದರ್ ಅಲ್ವಾ, ಹಾಗನ್ಸುತ್ತೆ. ಎದ್ದು ನಡಿ.’

ಇದೆಲ್ಲವನ್ನೂ ನನ್ನ ಕಾಲಿಗೇ ಹೇಳಿದರು ಅಕ್ಕಾ, ಮುಖ ಎತ್ತಲಿಲ್ಲ. ನಡೆದೆ. ಬೆರಳು ಕೆಂಪಾಯಿತು. ಸಂಜೆ ಅದೇ ಬೆರಳಿಗೆ ಕ್ರೀಮ್ ಹಚ್ಚಿ ಮುತ್ತು ಕೊಟ್ಟರು. ಆ ಮುತ್ತು ಇಷ್ಟವಾಯಿತೋ ಇಲ್ಲವೋ ನನಗೇ ತಿಳಿಯಲಿಲ್ಲ. ಹಾಗಾದದ್ದು ಅದೇ ಮೊದಲು. ಗೋಡೆಯ ಐದನೇ ನಂಬರಿನ ಮರದ ಕಾಲಿಗೂ ನನ್ನದಕ್ಕೂ ಅಳತೆಯಲ್ಲಿ ಏನೂ ವ್ಯತ್ಯಾಸವಿಲ್ಲ. ನನ್ನದು ನೋವಾದರೆ ಹೇಳುತ್ತದೆ, ಅಷ್ಟೇ. ಇವರು ಕೇಳಿಸಿಕೊಳ್ಳದೆ ಬಿಟ್ಟದ್ದು ಅದೊಂದನ್ನೇ.

ನನಗಿಂತ ಮೊದಲು ಸ್ಯಾಂಪಲ್ ಹಾಕಿ ನಡೆಯುತ್ತಿದ್ದ ಹೆಂಗಸು ಪ್ಯಾಕಿಂಗಿನಲ್ಲಿದ್ದಾಳೆ ಎಂದು ತಿಳಿಯಿತು. ಹೋಗಿ ಕೇಳಿದೆ.

‘ನೀವ್ಯಾಕೆ ಬಿಟ್ರಿ?’

‘ನಾನೆಲ್ಲಿ ಬಿಟ್ಟೆ ಮೇಡಂ? ಮಗು ಆಯ್ತು, ಕಾಲು ಅಗಲ ಆಯ್ತು, ಡಬ್ಬ ತುಂಬೋಕೆ ಹಾಕಿದ್ರು.’

‘ಇವರು ನಿಮ್ಮನ್ನೂ...’ ಮುಂದೆ ಹೇಗೆ ಕೇಳುವುದೆಂದು ಹೊಳೆಯಲಿಲ್ಲ.

ಅವಳಿಗೆ ಹೊಳೆಯಿತು. ಬಿದ್ದೂ ಬಿದ್ದೂ ನಕ್ಕಳು. ‘ಅಯ್ಯೋ, ಹಾಗೇನಿಲ್ಲಪ್ಪ! ನನಗೆ ಆ ಕೆಲಸಕ್ಕೆ ಅಂತ ಬೇರೆ ಸಂಬಳ ಕೊಡ್ತಿದ್ರು. ನಿಮ್ಮನ್ನ ಮದುವೆ ಆದ್ರು, ಅಷ್ಟೇ.’

ನಾನೂ ನಕ್ಕೆ. ಮೆಟ್ಟಿಲು ಹತ್ತುವಾಗ ‘ಎರಡು ಸೀಸನ್ ಕಳೆಯಲಿ’ ಎಂದದ್ದು ನೆನಪಾಯಿತು. ನಗು ಅಲ್ಲೇ ನಿಂತಿತು.

ಅತ್ತೆ ಬಟ್ಟೆ ಮಡಿಸುತ್ತಿದ್ದರು. ಅವರ ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಈ ಮನೆಯ ಯಾವ ಷೂ ಕೂಡ ಅವರ ಕಾಲಿಗೆ ಹೋಗುವುದಿಲ್ಲ, ಹಳೆಯ ಬಟ್ಟೆಯ ಚಪ್ಪಲಿ ಹಾಕುತ್ತಾರೆ. ಗೋಡೆಯ ಮೇಲಿನ ಸಾಲಿನಲ್ಲಿ ಕಪ್ಪಗಾದ ಒಂದು ಜೋಡಿ ಅಚ್ಚು ಇದೆಯಲ್ಲ, ಅದು ಯಾರದು ಎಂದು ಕೇಳಿದೆ.

‘ನಂದೇ ಕಣಮ್ಮ. ನಿಮ್ಮ ಮಾವ ಕೆತ್ತಿಸಿದ್ದು. ಆ ಜೋಡಿ ಅವರಿಟ್ಟುಕೊಂಡ್ರು. ಈ ಜೋಡಿ ನಡೆಯೋಕೆ ಅಂತ ನನಗುಳೀತು.’

‘ಬೇಜಾರಾಗ್ಲಿಲ್ವಾ ಅತ್ತೆ?’

‘ಕೇಳೋರಿದ್ರೆ ತಾನೆ ಬೇಜಾರಾಗೋದು,’ ಎಂದು ದಿಂಬಿನ ಚೀಲವನ್ನು ಒದರಿ ಮಡಿಸಿದರು.

ಬಿಡುತ್ತೀರೋ ಇರುತ್ತೀರೋ ಎಂದು ಪ್ರಿನ್ಸಿಪಾಲರು ಉತ್ತರ ಕೇಳುತ್ತಿದ್ದಾರೆ. ಇವರು ದಿನಾ ಬೆಳಿಗ್ಗೆ ಟಬ್ಬಿನ ಜೊತೆ ಪೆನ್ನೂ ತರುತ್ತಾರೆ.

ಇನ್ನೂ ಸಹಿ ಹಾಕದ
ತಂಗಿ


ಆಗಸ್ಟ್ 6

ಚಿನಕುರಳಿ,

ಸಹಿ ಹಾಕಬೇಡ. ಹಾಕಬೇಡ. ಹಾಕಬೇಡ.

ನಾನು ಮೊದಲೇ ಹೇಳಿದ್ದೆ ಎನ್ನುವುದಿಲ್ಲ, ಆದರೆ ಹೇಳಿದ್ದೆ. ಆತ ಕೆಟ್ಟವನಲ್ಲದಿರಬಹುದು, ನಿನ್ನನ್ನು ಬಯಸುತ್ತಲೂ ಇರಬಹುದು. ತೊಡಕು ಇರುವುದೇ ಅಲ್ಲಿ. ಬಯಕೆಯೂ ಬಳಕೆಯೂ ಒಂದೇ ಕೈಯಲ್ಲಿ ಬಂದಾಗ ಯಾವ ಬೆರಳು ಯಾವುದೆಂದು ಆತನಿಗೂ ಗೊತ್ತಿರುವುದಿಲ್ಲ. ನಿನ್ನ ಮಾತು ಅವನ ಕಿವಿಯವರೆಗೆ ಹೋಗಿ ಅಲ್ಲೇ ಸುಳ್ಳಾಗುತ್ತಿದೆ. ‘ಒತ್ತುತ್ತೆ’ ಎಂದರೆ ‘ಒತ್ತಲ್ಲ’. ನಾಳೆ ಹಾಸಿಗೆಯಲ್ಲಿ ‘ಬೇಡ’ ಎಂದರೆ ಅದು ಏನಾಗುತ್ತದೆ, ಯೋಚಿಸಿದ್ದೀಯಾ?

ಬಟ್ಟೆ ತುಂಬಿಕೊಂಡು ಇಲ್ಲಿಗೆ ಬಾ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇದೆ. ನೀನು ಮೆತ್ತಗಾಗಬಾರದು, ನಮ್ಮ ಹುಡುಗಿಯರೂ ಅದನ್ನೇ ಹೇಳುತ್ತಾರೆ. ಮೊನ್ನೆ ಪಾಠ ಮುಗಿದ ಮೇಲೆ ಒಬ್ಬಳು ನನ್ನ ಹಿಂದೆಯೇ ಬಂದು, ‘ಸ್ಯಾಂಪಲ್ ಮೇಡಂ ರಾಜೀನಾಮೆ ಕೊಟ್ರಾ ಮಿಸ್?’ ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು, ಪಾಪ.

ಬೇಗ ಉತ್ತರ ಬರೆ.

ಅಕ್ಕ


ಆಗಸ್ಟ್ 12

ಫಿಲಾಸಫಿ ಮಿಸ್,

ಇಲ್ಲಿ ಗೋಡೆಯ ಮೇಲೆ ನನ್ನ ಕಾಲು. ಅಲ್ಲಿ ಕಪ್ಪು ಹಲಗೆಯ ಮೇಲೆ ನನ್ನ ಮದುವೆ.

ಎಷ್ಟು ಪಾಠ ಆಯಿತು? ಮುತ್ತಿನ ಭಾಗ ಓದಿ ಹೇಳುವಾಗ ಅವರು ನಕ್ಕರೇ? ಮುರಿದ ಮದುವೆಯ ಆ ಗೀಚಿದ ಸಾಲನ್ನೂ ಓದಿದೆಯಾ, ಅಥವಾ ಅದು ನಿನ್ನದೆಂದು ಬಿಟ್ಟೆಯಾ? ಇವರಾದರೂ ಷೂ ಹೊಲಿಯುತ್ತಾರೆ. ನೀನು ಏನು ಹೊಲಿಯುತ್ತಿದ್ದೀಯ? ಪ್ರತಿ ಕಾಗದದ ಕೊನೆಗೂ ಬೇಗ ಬರೆ, ಬೇಗ ಬರೆ ಅನ್ನುತ್ತೀಯ. ತಂಗಿಗೆ ಏನಾಯಿತೋ ಎಂಬ ಕಳವಳ ಎಂದುಕೊಂಡಿದ್ದೆ.

ಉತ್ತರ ಬೇಡ.

ಉದಾಹರಣೆ


ಸೆಪ್ಟೆಂಬರ್ 3

ಚಿನಕುರಳಿ,

ಬೇಡ ಎಂದರೂ ಬರೆಯುತ್ತಿದ್ದೇನೆ. ಆ ಪಾಠ ನಿಲ್ಲಿಸಿದೆ. ಯಾಕೆ ಎಂದು ಹುಡುಗಿಯರು ಕೇಳಿದರು. ಕಥೆ ನನ್ನದಲ್ಲ ಎಂದೆ.

ನಾನು ಬರೆದದ್ದನ್ನೆಲ್ಲ ನೆನಪಿಸಿಕೊಂಡೆ. ಒಂದರಲ್ಲೂ ಈ ಪ್ರಶ್ನೆ ಇಲ್ಲ: ನೀನು ಹೇಗಿದ್ದೀಯ?

ಅಕ್ಕ


ಅಕ್ಟೋಬರ್ 19

ಅಕ್ಕಾ,

ಇಷ್ಟು ದಿನ ನಾನು ಬರೆಯಲಿಲ್ಲ, ನೀನೂ ಅವಸರ ಮಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಹಿ ಹಾಕಲಿಲ್ಲ. ನಿನ್ನ ಮಾತಿಗಲ್ಲ, ಇವರ ಮೇಲಿನ ಸಿಟ್ಟಿಗೂ ಅಲ್ಲ. ‘ಅತ್ಯಂತ ಸಂತೋಷದಿಂದ’ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ಪೆನ್ನು ನಿಂತುಬಿಡುತ್ತಿತ್ತು. ಕೊನೆಗೆ ಪ್ರಿನ್ಸಿಪಾಲರಿಗೆ ಬಿಡುವುದಿಲ್ಲ ಎಂದು ಹೇಳಿಬಂದೆ, ಮನೆಯಲ್ಲಿ ಇನ್ನೂ ಯೋಚಿಸುತ್ತಿದ್ದೇನೆ ಎಂದೆ. ಬೆಳಿಗ್ಗೆ ಬೆಳಿಗ್ಗೆ ರಿಲೇ ತಂಡದ ಮಕ್ಕಳ ಜೊತೆ ಬರಿಗಾಲಲ್ಲಿ ಓಡಿದೆ. ಒಂದು ದಿನ ಕಿರುಬೆರಳು ಕಲ್ಲಿಗೆ ತಾಗಿ ಸೊಟ್ಟಗೆ ಊದಿಕೊಂಡಿತು, ಊತ ಇಳಿದರೂ ಸೊಟ್ಟ ಉಳಿಯಿತು. ಪಾದವೂ ಹರಡಿಕೊಂಡಿತು. ಬೇಕೆಂದೇ ಮಾಡಿದೆಯಾ ಎಂದು ಕೇಳುತ್ತೀಯ. ಗೊತ್ತಿಲ್ಲ. ಹುಲ್ಲು ತಣ್ಣಗಿತ್ತು.

ಟಬ್ಬಿನಲ್ಲಿ ಇವರಿಗೆ ಕಾಣಲಿಲ್ಲವೇ ಎಂದೂ ಕೇಳುತ್ತೀಯ. ಕಂಡಿರಬೇಕು. ಬೆರಳಿಗೆ ಕ್ರೀಮ್ ಹೆಚ್ಚಾಯಿತೇ ಹೊರತು ಮಾತು ಬರಲಿಲ್ಲ.

ಹೋದ ತಿಂಗಳು ದೊಡ್ಡ ಅಂಗಡಿಯಿಂದ ಆರ್ಡರ್ ಕೊಡುವವರು ಬಂದರು. ಕೆಲಸದವರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. ಪ್ಯಾಕಿಂಗಿನವಳೂ ಇದ್ದಳು, ಅತ್ತೆ ಟೀ ತಂದಿದ್ದರು. ನಾನು ಸ್ಟೂಲಿನ ಮೇಲೆ, ಇವರು ಮೊಣಕಾಲೂರಿ. ಷೂ ಕಾಲಿಗೆ ಹೋಗಲಿಲ್ಲ. ಇವರು ಹಿಮ್ಮಡಿ ತಳ್ಳಿದರು, ಪೌಡರ್ ಹಾಕಿದರು, ಮತ್ತೆ ತಳ್ಳಿದರು. ಕಿವಿ ಕೆಂಪಾಯಿತು.

ಆರ್ಡರಿನವರು ಟೀ ಹೀರುತ್ತಾ ಅಂದರು: ‘ಇದಾಗಲ್ಲ ಬಿಡಿ. ಬೇರೆ ಕಾಲಿಲ್ವಾ?’

ಅಕ್ಕಾ, ನಿನ್ನ ಪ್ರಶ್ನೆಪತ್ರಿಕೆಯ ಪ್ರಶ್ನೆ. ಎಷ್ಟು ಸಲೀಸಾಗಿ ಕೇಳಿಬಿಟ್ಟ ಆ ಮನುಷ್ಯ! ನಾನು ಇವರ ನೆತ್ತಿಯನ್ನೇ ನೋಡುತ್ತಾ ಕೂತೆ. ಇದೆ ಅನ್ನುತ್ತಾರೋ, ಇಲ್ಲ ಅನ್ನುತ್ತಾರೋ. ಇವರು ಎರಡನ್ನೂ ಅನ್ನಲಿಲ್ಲ. ಸೊಟ್ಟ ಬೆರಳನ್ನು ಹೆಬ್ಬೆರಳಿನಿಂದ ಮುಟ್ಟಿದರು. ನಾನು ‘ಸ್’ ಎಂದು ಕಾಲೆಳೆದುಕೊಳ್ಳಲು ಹೋದೆ, ಬಿಡಲಿಲ್ಲ. ಆಗ ಮೆಲ್ಲಗೆ, ‘ಎಲ್ಲಿ ಒತ್ತುತ್ತೆ?’ ಅಂದರು.

ಕೇಳಿದ್ದು ಕಾಲನ್ನೇ.

ಆ ‘ರೀ’ ಎಲ್ಲಿಗೆ ಹೋಯಿತೋ. ‘ಮೊದಲು ಕಾಲು ಬಿಡು,’ ಅಂದೆ. ‘ಮುಖ ನೋಡಿ ಕೇಳು.’

ಕಟಿಂಗ್ ಮಾಸ್ಟರ ಕೈಯಿಂದ ಕತ್ತರಿ ಬಿತ್ತು. ಇವರು ತಲೆಯೆತ್ತಿದರು. ಯಾರೋ ಹೊಸಬಳನ್ನು ನೋಡಿದ ಹಾಗೆ ಗಾಬರಿ. ಕಾಲು ಬಿಟ್ಟು ಅಂದರು: ‘ಎಲ್ಲಿ ಒತ್ತುತ್ತೆ, ಹೇಳು.’

ಹೇಳಿದೆ. ಕಿರುಬೆರಳಿಂದ ಶುರುಮಾಡಿ ರಾಜೀನಾಮೆಗೆ ಬಂದೆ, ಉಣ್ಣೆಯ ಚಪ್ಪಲಿಗೆ ಬಂದೆ, ಎರಡು ಸೀಸನ್ನಿಗೆ ಬಂದೆ. ಮುತ್ತಿನ ಮಾತನ್ನು ಬೇರೆಯವರ ಮುಂದೆ ಆಡಲಿಲ್ಲ, ಅದು ನಮ್ಮಿಬ್ಬರದು. ಆರ್ಡರಿನವರು ಖಾಲಿ ಕಪ್ಪನ್ನೇ ಹೀರುತ್ತಿದ್ದರು. ಏಳಲು ಹೊರಟವರನ್ನು ಅತ್ತೆ ಕೂರಿಸಿದರು.

‘ಕೂತ್ಕೊಳ್ಳಪ್ಪ. ಅವಳದು ಮುಗೀಲಿ, ಆಮೇಲೆ ನಂದಿದೆ.’

ಆರ್ಡರ್ ಸಿಗಲಿಲ್ಲ. ಎಷ್ಟೋ ದಿನ ಇವರು ಟಬ್ಬನ್ನೂ ತರಲಿಲ್ಲ, ಮಾತನ್ನೂ ಆಡಲಿಲ್ಲ. ಸುಳ್ಳೇಕೆ ಹೇಳಲಿ, ಆ ಮುತ್ತು ಬೇಕೆನಿಸಿತು. ಕೇಳಲಿಲ್ಲ.

ಹೋದ ವಾರ ಶಾಲೆಯಿಂದ ಬಂದಾಗ ಇವರು ನನ್ನ ಅಳತೆಯ ಮರದ ಅಚ್ಚಿಗೆ ಚರ್ಮದ ಸಣ್ಣ ಸಣ್ಣ ಚೂರು ಅಂಟಿಸುತ್ತಿದ್ದರು. ಕಿರುಬೆರಳ ಹತ್ತಿರ ಒಂದು ಉಬ್ಬು, ಪಕ್ಕಕ್ಕೆ ಒಂದು ಪಟ್ಟಿ. ಈಗಿನ ನನ್ನ ಕಾಲು. ಹೀಗೆ ಸೊಟ್ಟಗಿರುವ ಕಾಲು ಅಂಗಡಿಗೆ ಬರುವ ಯಾರಿಗೂ ಇರುವುದಿಲ್ಲ.

‘ಇದು ನನಗಾ, ಸ್ಯಾಂಪಲ್ಲಿಗಾ?’ ಎಂದೆ.

ಅಂಟಿನ ಕೈಯನ್ನು ಒರೆಸಿಕೊಂಡರು. ‘ಎರಡಕ್ಕೂ ಅನ್ಕೊಂಡೆ. ಅಗಲ ಕಾಲಿನೋರಿಗೂ ಷೂ ಬೇಕಲ್ವಾ.’ ಆಮೇಲೆ ಮುಖ ನೋಡಿ, ‘ಇಷ್ಟು ಸಾಕಾ? ಇನ್ನೂ ಬೇಕಾ?’ ಅಂದರು.

ನನಗೊಬ್ಬಳಿಗೇ ಎಂದಿದ್ದರೆ ನಂಬುತ್ತಿರಲಿಲ್ಲ. ಎರಡಕ್ಕೂ ಅಂದದ್ದರಿಂದ ಅರ್ಧ ನಂಬಿದ್ದೇನೆ. ಮುಖ ನೋಡಿದ್ದು ನಾನು ಹೇಳಿಕೊಟ್ಟದ್ದಕ್ಕೋ, ತಾನಾಗಿಯೋ, ಅದು ಇನ್ನೂ ಗೊತ್ತಾಗಿಲ್ಲ. ಇನ್ನೂ ಸ್ವಲ್ಪ ಬೇಕು ಎಂದೆ. ಇನ್ನೊಂದು ಚೂರು ಅಂಟಿಸಿದರು.

ಹೇಗಿದ್ದೀಯ ಎಂದು ನೀನು ಕೇಳಿದ್ದೆ. ಕಾಗದದಲ್ಲಿ ಹೇಳುವುದಿಲ್ಲ. ರಜೆಗೆ ಬಾ, ಬರುವಾಗ ನನ್ನ ಪತ್ರಗಳನ್ನೆಲ್ಲ ತಂದು ನನ್ನ ಕೈಗೆ ಕೊಡು. ಎಷ್ಟು ಬರೆದಿದ್ದೇನೆ ಎಂದು ನನಗೆ ನೆನಪಿದೆ.

ಆ ಅಚ್ಚನ್ನು ಗೋಡೆಗೆ ನೇತುಹಾಕಬಾರದು ಎಂದು ಇವರಿಗೆ ಹೇಳಿದ್ದೇನೆ. ಹೂಂ ಅಂದಿದ್ದಾರೆ. ದಿನಾ ಸಂಜೆ ಶಾಲೆಯಿಂದ ಬಂದವಳೇ, ಮೆಟ್ಟಿಲು ಹತ್ತುವ ಮೊದಲು, ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಇಣುಕಿ ನೋಡುತ್ತೇನೆ. ಇವತ್ತೂ ಅದು ಮೇಜಿನ ಮೇಲೇ ಇತ್ತು.

ನಿನ್ನ
ಚಿನಕುರಳಿ